ಲೋಲಕದ ಪ್ರಯೋಗದಲ್ಲಿ ‘ಜಿ’ ತಪ್ಪಾಗಿ ಬಂದರೆ: ದೋಷ ಹುಡುಕುವ ಕೈಪಿಡಿ

ಪ್ರಥಮ ಪಿಯುಸಿ ಭೌತಶಾಸ್ತ್ರ ಲ್ಯಾಬಿನಲ್ಲಿ ಸರಳ ಲೋಲಕದ ಪ್ರಯೋಗಕ್ಕೆ ಬೇಕಾಗುವ ಸಾಮಾನು ತುಂಬ ಕಡಿಮೆ. ಒಂದು ಸ್ಟ್ಯಾಂಡು, ಸೀಳಿದ ಕಾರ್ಕು, ದಾರ, ಲೋಹದ ಗುಂಡು, ಮೀಟರ್ ಸ್ಕೇಲು, ಸ್ಟಾಪ್‌ವಾಚು. ಇಷ್ಟರಲ್ಲೇ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು, ಅಂದರೆ ‘ಜಿ’ಯನ್ನು, ಅಳೆಯಬಹುದು. ಬರಬೇಕಾದ ಉತ್ತರ ಸುಮಾರು 9.8 ಮೀ/ಸೆ². ಆದರೆ ಒಬ್ಬರಿಗೆ 10.8 ಬರುತ್ತದೆ, ಇನ್ನೊಬ್ಬರಿಗೆ 39, ಮತ್ತೊಬ್ಬರಿಗೆ 4.4. ಆಗ ಹೆಚ್ಚಿನವರು ರೀಡಿಂಗ್ ಅಳಿಸಿ, 9.8 ಬರುವ ಹಾಗೆ ಸಮಯವನ್ನೇ ತಿದ್ದಿಬಿಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ತಪ್ಪಾಗಿ ಬಂದ ಸಂಖ್ಯೆ ಸುಮ್ನೆ ಬಂದಿರುವುದಿಲ್ಲ. ಎಷ್ಟು ತಪ್ಪಿದೆ, ಜಾಸ್ತಿಯಾಗಿದೆಯೋ ಕಡಿಮೆಯಾಗಿದೆಯೋ, ದಾರದ ಉದ್ದ ಬದಲಿಸಿದರೆ ತಪ್ಪೂ ಬದಲಾಗುತ್ತದೆಯೋ: ಈ ಮೂರು ಪ್ರಶ್ನೆ ಕೇಳಿದರೆ ದೋಷ ಎಲ್ಲಿದೆ ಎಂದು ಆ ಸಂಖ್ಯೆಯೇ ಹೇಳುತ್ತದೆ. ತಿದ್ದಿದ ರೀಡಿಂಗ್ ಏನನ್ನೂ ಹೇಳುವುದಿಲ್ಲ. ಮೊದಲು ಬರೆದದ್ದರ ಮೇಲೆ ಒಂದೇ ಗೆರೆ ಎಳೆಯಿರಿ, ಓದಲು ಬರುವ ಹಾಗೆ ಇರಲಿ. ಹೊಸದನ್ನು ಪಕ್ಕದಲ್ಲಿ ಬರೆಯಿರಿ.

ಸರಿಯಾಗಿ ಬಂದರೆ ಹೇಗಿರುತ್ತದೆ

ದೋಷ ಹುಡುಕುವ ಮೊದಲು ದೋಷವಿಲ್ಲದ ಲೋಲಕ ಹೇಗೆ ನಡೆದುಕೊಳ್ಳುತ್ತದೆ ಎಂದು ಗೊತ್ತಿರಬೇಕು. ಸೂತ್ರ ಹೀಗಿದೆ: ಜಿ = 4 × ಪೈ² × ಉದ್ದ ÷ ಟಿ². ಇಲ್ಲಿ ಟಿ ಅಂದರೆ ಒಂದು ಪೂರ್ತಿ ಆಂದೋಲನಕ್ಕೆ, ಅಂದರೆ ಗುಂಡು ಆಚೆ ಹೋಗಿ ವಾಪಸ್ ಬರುವುದಕ್ಕೆ, ಹಿಡಿಯುವ ಸಮಯ, ಆವರ್ತ ಕಾಲ. 4 × ಪೈ² ಅಂದರೆ 39.48. ಉದ್ದವನ್ನು ದಾರ ತೂಗಿರುವ ಜಾಗದಿಂದ ಗುಂಡಿನ ನಡುವಿನವರೆಗೆ ಅಳೆಯಬೇಕು.

ಬೆಂಗಳೂರಿನ ಸುತ್ತ ಜಿ ಸುಮಾರು 9.78. ಅದರ ಪ್ರಕಾರ ಉದ್ದ 100 ಸೆಂ.ಮೀ ಇದ್ದರೆ 20 ಆಂದೋಲನಕ್ಕೆ 40.2 ಸೆಕೆಂಡು ಬೇಕು. 80 ಸೆಂ.ಮೀಗೆ 35.9, 60ಕ್ಕೆ 31.1, 50ಕ್ಕೆ 28.4. ಈ ಸಂಖ್ಯೆಗಳನ್ನು ರೆಕಾರ್ಡಿಗೆ ಇಳಿಸಲು ಕೊಡುತ್ತಿಲ್ಲ. ನಿಮ್ಮ ರೀಡಿಂಗ್ ಎಷ್ಟು ದೂರದಲ್ಲಿದೆ ಎಂದು ತಿಳಿಯಲು ಕೊಡುತ್ತಿದ್ದೇನೆ.

ಒಂದು ಚುರುಕು ಪರೀಕ್ಷೆಯೂ ಇದೆ. ಉದ್ದವನ್ನು 99 ಸೆಂ.ಮೀಗೆ ಇಡಿ. ಗುಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಒಂದು ಸೆಕೆಂಡು, ವಾಪಸ್ ಬರಲು ಇನ್ನೊಂದು ಸೆಕೆಂಡು. 30 ಆಂದೋಲನ ಮುಗಿಯುವಾಗ ಗೋಡೆ ಗಡಿಯಾರದಲ್ಲಿ ಸರಿಯಾಗಿ ಒಂದು ನಿಮಿಷ ಆಗಿರಬೇಕು. ಆಯಿತು ಅಂದರೆ ನಿಮ್ಮ ಎಣಿಕೆ, ಉದ್ದ, ಗಡಿಯಾರ ಮೂರೂ ಬಹುಪಾಲು ಸರಿ ಇವೆ. ಆಗಲಿಲ್ಲ ಅಂದರೆ ಮುಂದೆ ಓದಿ.

ಉತ್ತರ ತೀರಾ ವಿಚಿತ್ರವಾಗಿ ಬಂದಿದ್ದರೆ

39, 19, 978, 0.02 ಇಂಥ ಉತ್ತರ ಬಂದರೆ ಸ್ಟ್ಯಾಂಡ್ ಹತ್ತಿರ ಹೋಗುವುದೇ ಬೇಡ. ತಪ್ಪು ಕಾಗದದ ಮೇಲಿದೆ. ನಿಮ್ಮ ಉತ್ತರವನ್ನು 9.78ರಿಂದ ಭಾಗಿಸಿ. ಎಷ್ಟು ಪಟ್ಟು ತಪ್ಪಿದೆ ಎಂಬುದೇ ಇಲ್ಲಿ ಸಾಕ್ಷಿ.

ಸರಿಯಾಗಿ ನಾಲ್ಕು ಪಟ್ಟು, ಅಂದರೆ 39.1 ಬಂದರೆ, ನೀವು ಅರ್ಧ ಆಂದೋಲನವನ್ನೇ ಒಂದು ಎಂದು ಎಣಿಸಿದ್ದೀರಿ. ಗುಂಡು ಬಲಕ್ಕೆ ಹೋದಾಗ ಒಂದು, ಎಡಕ್ಕೆ ಬಂದಾಗ ಎರಡು ಅಂದರೆ ಟಿ ಅರ್ಧವಾಗುತ್ತದೆ, ಟಿ² ಕಾಲು ಭಾಗವಾಗುತ್ತದೆ, ಜಿ ನಾಲ್ಕು ಪಟ್ಟಾಗುತ್ತದೆ. 100 ಸೆಂ.ಮೀ ಉದ್ದಕ್ಕೆ 19.65 ಬಂದರೆ ಟಿ ವರ್ಗ ಮಾಡುವುದನ್ನು ಮರೆತಿದ್ದೀರಿ. 3.11 ಬಂದರೆ ಪೈ ವರ್ಗ ಮಾಡಿಲ್ಲ. 0.0245 ಬಂದರೆ 20 ಆಂದೋಲನದ ಸಮಯವನ್ನು 20ರಿಂದ ಭಾಗಿಸದೆ ಹಾಗೇ ಹಾಕಿದ್ದೀರಿ.

978 ಬಂದರೆ? ಅದು ತಪ್ಪೇ ಅಲ್ಲದಿರಬಹುದು. ಉದ್ದವನ್ನು ಸೆಂಟಿಮೀಟರಿನಲ್ಲಿ ಹಾಕಿದ್ದೀರಿ, ಉತ್ತರ ಸೆಂ.ಮೀ/ಸೆ²ನಲ್ಲಿ ಬಂದಿದೆ. ಪಕ್ಕದಲ್ಲಿ ಮೀ/ಸೆ² ಎಂದು ಬರೆದರೆ ಮಾತ್ರ ತಪ್ಪು. 0.978 ಬಂದರೆ ಸೆಂಟಿಮೀಟರನ್ನು ಮೀಟರ್ ಮಾಡುವಾಗ 100ರ ಬದಲು 1000ದಿಂದ ಭಾಗಿಸಿದ್ದೀರಿ.

3.85 ಬಂದರೆ ಸ್ಕೇಲನ್ನು ತಿರುಗಿಸಿ ನೋಡಿ. ಬಹಳಷ್ಟು ಮೀಟರ್ ಸ್ಕೇಲುಗಳಲ್ಲಿ ಒಂದು ಅಂಚು ಸೆಂಟಿಮೀಟರ್, ಇನ್ನೊಂದು ಅಂಚು ಇಂಚು. 100 ಸೆಂ.ಮೀ ಅಂದರೆ 39.4 ಇಂಚು. ಅದನ್ನು 39.4 ಸೆಂ.ಮೀ ಎಂದು ಬರೆದುಕೊಂಡರೆ ಜಿ 2.54 ಪಟ್ಟು ಕುಗ್ಗುತ್ತದೆ.

ಮೊಬೈಲ್ ಸ್ಟಾಪ್‌ವಾಚ್ ತಂದಿಡುವ ಒಂದು ತೊಂದರೆಯನ್ನು ಬೇರೆಯಾಗಿ ಹೇಳಬೇಕು. 40 ಆಂದೋಲನ ತೆಗೆದುಕೊಂಡಿದ್ದೀರಿ, ಪರದೆಯ ಮೇಲೆ 1:20.36 ಇದೆ ಅಂದುಕೊಳ್ಳಿ. ಅದು ಒಂದು ನಿಮಿಷ 20.36 ಸೆಕೆಂಡು, ಅಂದರೆ 80.36 ಸೆಕೆಂಡು. ಕೆಲವರು 1.2036 ನಿಮಿಷ ಎಂದು ಓದಿ 60ರಿಂದ ಗುಣಿಸುತ್ತಾರೆ, 72.2 ಸೆಕೆಂಡು ಬರುತ್ತದೆ, ಜಿ 12.1 ಆಗುತ್ತದೆ. ಇನ್ನು ಕೆಲವರು ಎರಡು ಚುಕ್ಕಿಯನ್ನು ಬಿಟ್ಟು 120.36 ಸೆಕೆಂಡು ಎಂದು ಓದುತ್ತಾರೆ, ಜಿ 4.36 ಆಗುತ್ತದೆ. ನಿಮಿಷಕ್ಕೆ 60 ಸೆಕೆಂಡು ಎಂದು ಎಲ್ಲರಿಗೂ ಗೊತ್ತು. ಆದರೂ ದಶಮಾಂಶದ ಅಭ್ಯಾಸ ಕಣ್ಣಿಗೆ ಮೋಸ ಮಾಡುತ್ತದೆ. 20 ಆಂದೋಲನವನ್ನೇ ತೆಗೆದುಕೊಂಡರೆ ಸಮಯ ನಿಮಿಷ ದಾಟುವುದಿಲ್ಲ, ಈ ತಾಪತ್ರಯವೂ ಇರುವುದಿಲ್ಲ.

ಎಷ್ಟು ಪಟ್ಟು ಎಂದು ಕೇಳುವ ಈ ಅಭ್ಯಾಸ ಲೋಲಕಕ್ಕೆ ಮಾತ್ರ ಅಲ್ಲ, ಲ್ಯಾಬಿನ ಬೇರೆ ಪ್ರಯೋಗಗಳಿಗೂ ಆಗುತ್ತದೆ. ಉತ್ತರ 10, 100, 1000 ಪಟ್ಟು ತಪ್ಪಿದರೆ ಮಿಲಿ, ಸೆಂಟಿ, ಕಿಲೋಗಳಲ್ಲಿ ಎಲ್ಲೋ ಎಡವಿದ್ದೀರಿ. 3.6 ಪಟ್ಟು ಆದರೆ ಗಂಟೆಗೆ ಕಿ.ಮೀ ಮತ್ತು ಸೆಕೆಂಡಿಗೆ ಮೀಟರ್ ಬೆರೆತಿವೆ. 9.8 ಪಟ್ಟು ಆದರೆ ದ್ರವ್ಯರಾಶಿ ಹಾಕಬೇಕಾದ ಕಡೆ ತೂಕ ಹಾಕಿದ್ದೀರಿ, ಅಥವಾ ತೂಕದ ಕಡೆ ದ್ರವ್ಯರಾಶಿ. ಸಾವಿರ ಪಟ್ಟು ತಪ್ಪುವುದು ವಿಸ್ತೀರ್ಣದಲ್ಲಿ ತುಂಬ ಸಾಮಾನ್ಯ. ಮಿಲಿಮೀಟರನ್ನು ಮೀಟರ್ ಮಾಡಲು 1000ದಿಂದ ಭಾಗಿಸುತ್ತೇವೆ, ಆದ್ದರಿಂದ ಚದರ ಮಿಲಿಮೀಟರಿಗೂ 1000 ಸಾಕು ಅನ್ನಿಸುತ್ತದೆ. ಸಾಲದು. ಉದ್ದಕ್ಕೊಂದು ಸಾವಿರ, ಅಗಲಕ್ಕೊಂದು ಸಾವಿರ, ಒಟ್ಟು ಹತ್ತು ಲಕ್ಷ. ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಲೆಕ್ಕ ಹಾಕುವಾಗ ಇದು ಪದೇ ಪದೇ ಕಾಡುತ್ತದೆ. ಸಾಂದ್ರತೆಯಲ್ಲಿ ಇನ್ನೂ ಎಚ್ಚರ ಬೇಕು. ಹಿತ್ತಾಳೆ ಗುಂಡಿನ ಸಾಂದ್ರತೆ ಘನ ಸೆಂ.ಮೀಗೆ 8.5 ಗ್ರಾಂ ಎಂದು ಬಂದರೆ, ಅದು ಘನ ಮೀಟರಿಗೆ 8500 ಕೆ.ಜಿ. ಸಂಖ್ಯೆ ದೊಡ್ಡದಾಗುತ್ತದೆ, ಚಿಕ್ಕದಾಗುವುದಿಲ್ಲ. ಒಂದು ಘನ ಮೀಟರ್ ಹಿತ್ತಾಳೆ ಎಷ್ಟು ಭಾರ ಇರಬಹುದು ಎಂದು ಕಣ್ಣ ಮುಂದೆ ತಂದುಕೊಂಡರೆ ಗೊತ್ತಾಗಿಬಿಡುತ್ತದೆ, ಅಲ್ವಾ?

1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹವನ್ನು ತಲುಪಿದ ಹೊತ್ತಿಗೇ ಕಳೆದುಹೋಯಿತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಬಲದ ಲೆಕ್ಕದಲ್ಲಿ ಸಂಖ್ಯೆ ಕೊಡುತ್ತಿತ್ತು, ಇನ್ನೊಂದು ಕಡೆ ಅದನ್ನು ನ್ಯೂಟನ್ ಲೆಕ್ಕ ಎಂದು ತೆಗೆದುಕೊಂಡಿತ್ತು. ಒಂದು ಪೌಂಡ್ ಬಲ ಅಂದರೆ 4.45 ನ್ಯೂಟನ್. ಸಂಖ್ಯೆಯ ಜತೆಗೇ ಏಕಮಾನ ಬರೆಯಿರಿ ಎಂದು ಅಧ್ಯಾಪಕರು ಮತ್ತೆ ಮತ್ತೆ ಹೇಳುವುದು ಮಾರ್ಕಿಗೋಸ್ಕರ ಮಾತ್ರ ಅಲ್ಲ. ಕೊನೆಯ ಸಾಲಿನಲ್ಲಿ ಒಮ್ಮೆ ಬರೆದರೆ ಸಾಲದು, ಪ್ರತಿ ಹಂತದಲ್ಲೂ ಬರೆಯಬೇಕು. ಹಾಗೆ ಬರೆದಾಗ ಸೆಂಟಿಮೀಟರ್ ಮತ್ತು ಮೀಟರ್ ಒಂದೇ ಸಾಲಿನಲ್ಲಿ ಕೂತಿರುವುದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಉತ್ತರ ಹತ್ತು ಶೇಕಡಾ ತಪ್ಪಿದ್ದರೆ

ನನಗೆ ತುಂಬ ಇಷ್ಟವಾದ ಭಾಗ ಇದು. ಇಲ್ಲಿ ಎರಡು ಬೇರೆ ಬೇರೆ ದೋಷಗಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. ಅವನ್ನು ಬಿಡಿಸಲು ಸ್ವಲ್ಪ ಯೋಚನೆ ಬೇಕು.

100 ಸೆಂ.ಮೀ ಲೋಲಕಕ್ಕೆ ಜಿ 10.8ರ ಆಸುಪಾಸಿನಲ್ಲಿ ಬಂದಿದೆ ಅಂದುಕೊಳ್ಳಿ. ಮೊದಲ ಅನುಮಾನ ಎಣಿಕೆಯ ಮೇಲೆ. ಗುಂಡು ಬಿಡುತ್ತಲೇ ಸ್ಟಾಪ್‌ವಾಚ್ ಒತ್ತಿ ‘ಒಂದು’ ಎಂದು ಶುರು ಮಾಡುತ್ತೇವೆ. ಆದರೆ ಆ ಕ್ಷಣದಲ್ಲಿ ಒಂದೂ ಆಂದೋಲನ ಮುಗಿದಿಲ್ಲ. ‘ಇಪ್ಪತ್ತು’ ಎಂದು ನಿಲ್ಲಿಸುವಾಗ ಮುಗಿದಿರುವುದು 19 ಮಾತ್ರ. ಸಮಯ 38.2 ಸೆಕೆಂಡು ಇರುತ್ತದೆ, ನಾವು 20ರಿಂದ ಭಾಗಿಸುತ್ತೇವೆ. ಟಿ 5 ಶೇಕಡಾ ಕಡಿಮೆ, ಜಿ ಸುಮಾರು 11 ಶೇಕಡಾ ಜಾಸ್ತಿ: 10.84.

ಎರಡನೇ ಅನುಮಾನ ಸ್ಕೇಲಿನ ಮೇಲೆ. ಮರದ ಸ್ಕೇಲಿನ ತುದಿ ಸವೆದಿರುತ್ತದೆ, ಆದ್ದರಿಂದ 10 ಸೆಂ.ಮೀ ಗೆರೆಯಿಂದ ಅಳತೆ ಶುರು ಮಾಡುವುದು ಒಳ್ಳೆಯ ಅಭ್ಯಾಸ. ಆದರೆ ಕೊನೆಗೆ ಆ 10 ಕಳೆಯುವುದು ಮರೆತರೆ 100 ಸೆಂ.ಮೀ ದಾರ 110 ಎಂದು ರೆಕಾರ್ಡಿಗೆ ಬರುತ್ತದೆ. ಜಿ 10.76 ಆಗುತ್ತದೆ.

10.84 ಮತ್ತು 10.76. ಒಂದೇ ಉದ್ದದ ಒಂದೇ ರೀಡಿಂಗ್ ಇಟ್ಟುಕೊಂಡು ಯಾವ ದೋಷ ಎಂದು ಹೇಳಲು ಸಾಧ್ಯವೇ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸ ಕೈಯಿಂದ ಸ್ಟಾಪ್‌ವಾಚ್ ಒತ್ತುವುದರಲ್ಲೇ ಮುಚ್ಚಿಹೋಗುತ್ತದೆ. ಹಾಗಾದರೆ ಏನು ಮಾಡಬೇಕು? ದಾರವನ್ನು ಅರ್ಧ ಮಾಡಿ, 50 ಸೆಂ.ಮೀಗೆ ಇಟ್ಟು ಮತ್ತೆ ಅಳೆಯಿರಿ. ಎಣಿಕೆ ತಪ್ಪಿದ್ದರೆ ಮತ್ತೆ 10.84 ಬರುತ್ತದೆ. ಒಂದು ಎಣಿಕೆ ತಪ್ಪುವುದಕ್ಕೂ ದಾರ ಎಷ್ಟುದ್ದ ಎಂಬುದಕ್ಕೂ ಸಂಬಂಧ ಇಲ್ಲ. ಆದರೆ 10 ಸೆಂ.ಮೀ ಕಳೆಯದೆ ಬಿಟ್ಟಿದ್ದರೆ 50 ಎಂಬುದು 60 ಆಗುತ್ತದೆ, ಜಿ 11.74ಕ್ಕೆ ಹಾರುತ್ತದೆ. ಉದ್ದ ಕಡಿಮೆಯಾದ ಹಾಗೆ ತಪ್ಪು ಬೆಳೆಯುತ್ತಿದ್ದರೆ ದೋಷ ಉದ್ದದಲ್ಲಿ, ಅಷ್ಟೇ ಇದ್ದರೆ ದೋಷ ಎಣಿಕೆಯಲ್ಲಿ.

ಐದಾರು ಉದ್ದಗಳಿಗೆ ರೀಡಿಂಗ್ ತೆಗೆದು, ಅಡ್ಡ ಅಕ್ಷದಲ್ಲಿ ಉದ್ದ, ನೇರ ಅಕ್ಷದಲ್ಲಿ ಟಿ² ಹಾಕಿ ಗ್ರಾಫ್ ಎಳೆಯಿರಿ ಎನ್ನುವುದು ಇದಕ್ಕೇ. ಬಹಳ ಮಂದಿ ಗ್ರಾಫನ್ನು ಒಂದು ಶಾಸ್ತ್ರದಂತೆ ಎಳೆದು ಅಂಟಿಸುತ್ತಾರೆ. ಅದನ್ನು ಓದಿ ನೋಡಿ. ಗೆರೆ ಮೂಲಬಿಂದುವಿನ ಮೂಲಕವೇ ಹೋಗಿದ್ದು ಓರೆ (ಸ್ಲೋಪ್) ಮಾತ್ರ ತಪ್ಪಿದ್ದರೆ ಎಣಿಕೆಯನ್ನೋ ಗಡಿಯಾರವನ್ನೋ ಹಿಡಿಯಿರಿ. ಓರೆ ಸರಿ ಇದ್ದು ಗೆರೆ ಪಕ್ಕಕ್ಕೆ ಸರಿದಿದ್ದರೆ ಉದ್ದದ ಅಳತೆಯನ್ನು ಹಿಡಿಯಿರಿ. 10 ಸೆಂ.ಮೀ ಕಳೆಯದ ಗ್ರಾಫ್ ಅಡ್ಡ ಅಕ್ಷವನ್ನು ಸರಿಯಾಗಿ 10ರ ಹತ್ತಿರ ಮುಟ್ಟುತ್ತದೆ. ದೋಷದ ಅಳತೆಯೇ ಕಾಗದದ ಮೇಲೆ ಸಿಗುತ್ತದೆ. ಓರೆ ಸರಿ ಇದ್ದರೆ ಮೀಟರಿಗೆ ಟಿ² ಸುಮಾರು 4.04 ಸೆ² ಏರಬೇಕು. ಎಣಿಕೆ ತಪ್ಪಿದ ಗೆರೆಯಲ್ಲಿ 3.64 ಮಾತ್ರ ಏರುತ್ತದೆ.

ಇದರ ಮೇಲೆ ಇನ್ನೊಂದು ಮಾತು. 9.8 ಬಂದರೆ ಎಲ್ಲವೂ ಸರಿ ಎಂದು ನಂಬಬೇಡಿ. ಎಣಿಕೆ ಇನ್ನೊಂದು ದಿಕ್ಕಿಗೂ ತಪ್ಪಬಹುದು: 21 ಆಂದೋಲನ ಆದ ಮೇಲೆ ನಿಲ್ಲಿಸಿ 20 ಎಂದುಕೊಂಡರೆ ಜಿ 8.87 ಆಗುತ್ತದೆ. ಅದೇ ದಿನ 10 ಸೆಂ.ಮೀ ಕಳೆಯುವುದೂ ಮರೆತಿದ್ದರೆ? 100 ಸೆಂ.ಮೀ ಲೋಲಕಕ್ಕೆ 9.76 ಬರುತ್ತದೆ. ಎರಡು ದೊಡ್ಡ ತಪ್ಪು ಸೇರಿ ಚೆಂದದ ಉತ್ತರ. 50 ಸೆಂ.ಮೀಗೆ ಹೋದ ತಕ್ಷಣ 10.65 ಬಂದು ಎಲ್ಲ ಬಯಲಾಗುತ್ತದೆ. ಆದ್ದರಿಂದ ಒಂದೇ ಉದ್ದದಲ್ಲಿ ಒಳ್ಳೆಯ ಉತ್ತರ ಬಂತು ಎಂದು ಸಾಮಾನು ಕಟ್ಟಿಡಬೇಡಿ.

ಎಣಿಕೆಯ ದೋಷಕ್ಕೆ ಮದ್ದು ಸುಲಭ. ಗುಂಡನ್ನು ಮೊದಲು ಎರಡು ಮೂರು ಸಲ ಆಡಲು ಬಿಡಿ. ಅದು ನಡುವಿನ ಜಾಗವನ್ನು ದಾಟುವಾಗ, ಯಾವಾಗಲೂ ಒಂದೇ ದಿಕ್ಕಿನಲ್ಲಿ ದಾಟುವಾಗ, ಎಣಿಸಿ. ತುದಿಯಲ್ಲಿ ಗುಂಡು ನಿಧಾನವಾಗುತ್ತದೆ, ಯಾವಾಗ ತಿರುಗಿತು ಎಂದು ಹೇಳುವುದು ಕಷ್ಟ. ನಡುವೆ ಅದು ಅತಿ ವೇಗದಲ್ಲಿ ಇರುವುದರಿಂದ ಕ್ಷಣ ಚೆನ್ನಾಗಿ ಸಿಗುತ್ತದೆ. ಗುಂಡಿನ ಹಿಂದೆ ಒಂದು ಹಾಳೆಯ ಮೇಲೆ ನೇರ ಗೆರೆ ಎಳೆದು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಬಾಯಿಬಿಟ್ಟು ‘ಮೂರು, ಎರಡು, ಒಂದು, ಸೊನ್ನೆ’ ಎನ್ನಿ, ಸೊನ್ನೆಗೆ ವಾಚ್ ಒತ್ತಿ, ಆಮೇಲೆ ‘ಒಂದು, ಎರಡು’ ಎಂದು ಮುಂದುವರಿಸಿ. ಆದರೂ ಅನುಮಾನ ಇದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ನಿಧಾನವಾಗಿ ಓಡಿಸಿ ಎಣಿಸಿ.

ಉತ್ತರ ಒಂದರಿಂದ ನಾಲ್ಕು ಶೇಕಡಾ ತಪ್ಪಿದ್ದರೆ

ಈಗ ಸ್ಟ್ಯಾಂಡ್ ಹತ್ತಿರ ಹೋಗಬೇಕು. ಇಲ್ಲಿ ದೋಷಗಳು ಸಣ್ಣವು, ಹಲವು ಒಟ್ಟಿಗೆ ಇರುತ್ತವೆ.

ಜಿ ಸ್ವಲ್ಪ ಕಡಿಮೆ ಬಂದಿದ್ದರೆ ಮೊದಲು ಕೇಳಬೇಕಾದದ್ದು: ಗುಂಡಿನ ತ್ರಿಜ್ಯ ಸೇರಿಸಿದ್ದೀರಾ? 2 ಸೆಂ.ಮೀ ವ್ಯಾಸದ ಗುಂಡಿಗೆ ದಾರವನ್ನು ಮಾತ್ರ ಅಳೆದರೆ 1 ಸೆಂ.ಮೀ ಕಡಿಮೆ. ನಿಜವಾದ ಉದ್ದ 100 ಇರುವಾಗ 99 ಎಂದು ಬರೆದರೆ ಜಿ 9.68. ನಿಜವಾದ ಉದ್ದ 50 ಇರುವಾಗ 49 ಎಂದು ಬರೆದರೆ 9.58. ಆದರೆ ಇದೇ ಎರಡು ರೀಡಿಂಗಿನಿಂದ ಗ್ರಾಫಿನ ಓರೆ ಲೆಕ್ಕ ಹಾಕಿದರೆ ಜಿ 9.78 ಬರುತ್ತದೆ. ಎರಡು ಉದ್ದಗಳ ವ್ಯತ್ಯಾಸದಲ್ಲಿ ಆ 1 ಸೆಂ.ಮೀ ತಾನೇ ಹೊಡೆದುಹೋಗುತ್ತದೆ. ಇಂಥ ಕಡೆ ಸರಾಸರಿಗಿಂತ ಗ್ರಾಫೇ ನಂಬಿಗಸ್ತ. ಎಲ್ಲ ಉದ್ದಗಳ ಜಿ ಸರಾಸರಿ ತೆಗೆದರೆ ಈ ದೋಷ ಹೋಗುವುದಿಲ್ಲ, ಎಲ್ಲವೂ ಒಂದೇ ಕಡೆಗೆ ತಪ್ಪಿರುತ್ತವೆ.

ಎರಡನೆಯದು ಗುಂಡನ್ನು ಜಾಸ್ತಿ ಎಳೆಯುವುದು. ಸೂತ್ರ ಸಣ್ಣ ಕೋನಕ್ಕೆ ಮಾತ್ರ ಸರಿ. 5 ಡಿಗ್ರಿಗೆ ಜಿಯಲ್ಲಿ ತಪ್ಪು 0.1 ಶೇಕಡಾ, ಲೆಕ್ಕಕ್ಕಿಲ್ಲ. 10 ಡಿಗ್ರಿಗೆ 0.4, 20ಕ್ಕೆ 1.5, 30 ಡಿಗ್ರಿಗೆ 3.4 ಶೇಕಡಾ. ಎಲ್ಲವೂ ಜಿಯನ್ನು ಕಡಿಮೆ ಮಾಡುವ ಕಡೆಗೆ. ಕೋನಮಾಪಕ ಹಿಡಿಯುವ ಅಗತ್ಯ ಇಲ್ಲ. ಒಂದು ಮೀಟರ್ ದಾರಕ್ಕೆ ಪಕ್ಕಕ್ಕೆ 8–9 ಸೆಂ.ಮೀ ಎಳೆದರೆ 5 ಡಿಗ್ರಿ. ಅರ್ಧ ಮೀಟರಿಗೆ ಅದರ ಅರ್ಧ. ಎಲ್ಲ ಉದ್ದಕ್ಕೂ ಒಂದೇ ಸಮ 20 ಸೆಂ.ಮೀ ಎಳೆಯುವವರಿಗೆ ಚಿಕ್ಕ ದಾರದಲ್ಲಿ ಜಿ 2 ಶೇಕಡಾ ಕಡಿಮೆ ಬರುತ್ತದೆ, ಉದ್ದ ದಾರದಲ್ಲಿ ಅರ್ಧ ಶೇಕಡಾ. ನೋಡಲು ತ್ರಿಜ್ಯ ಬಿಟ್ಟ ಹಾಗೇ ಕಾಣುತ್ತದೆ. ಬಿಡಿಸುವುದು ಹೇಗೆ? ಅದೇ ದಾರದಲ್ಲಿ ಅರ್ಧದಷ್ಟೇ ಎಳೆದು ಮತ್ತೆ ಅಳೆಯಿರಿ. ಸಮಯ ಇಳಿದರೆ ಕೋನದ ದೋಷ. ಇಳಿಯದಿದ್ದರೆ ತ್ರಿಜ್ಯ.

ದಾರವನ್ನು ಮೇಜಿನ ಮೇಲೆ ಮಲಗಿಸಿ ಅಳೆಯುವುದೂ ಇದೇ ಜಾತಿಯ ತಪ್ಪು. ಗುಂಡು ತೂಗಿದ ಮೇಲೆ ದಾರ ಸ್ವಲ್ಪ ಹಿಗ್ಗುತ್ತದೆ. ತೂಗುಬಿಟ್ಟೇ ಅಳೆಯಿರಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತನ್ನಿ. ಅಳತೆ ಶುರುವಾಗುವುದು ಕಾರ್ಕಿನ ಕೆಳ ಅಂಚಿನಿಂದ. ಸೀಳಿದ ಕಾರ್ಕ್ ಕೊಟ್ಟಿರುವುದೇ ದಾರ ಬಗ್ಗುವ ಜಾಗ ಒಂದೇ ಕಡೆ ನಿಲ್ಲಲಿ ಎಂದು. ದಾರವನ್ನು ನೇರವಾಗಿ ಕಂಬಿಗೆ ಸುತ್ತಿ ಕಟ್ಟಿದರೆ ಗುಂಡು ಆಡಿದಂತೆಲ್ಲ ದಾರ ಕಂಬಿಯ ಮೇಲೆ ಉರುಳುತ್ತದೆ, ಉದ್ದ ಯಾವುದು ಎಂದೇ ಹೇಳಲು ಆಗುವುದಿಲ್ಲ.

ಕಾರ್ಕಿನ ಹಿಡಿತ ಸಡಿಲವಾಗಿದ್ದರೆ ಅದರ ಗುರುತು ಬೇರೆ. ಒಂದೇ ಉದ್ದಕ್ಕೆ ಮೂರು ನಾಲ್ಕು ಟ್ರಯಲ್ ತೆಗೆದಿದ್ದೀರಿ ಅಂದುಕೊಳ್ಳಿ. 40.1, 40.3, 40.2 ಹೀಗೆ ಮೇಲೆ ಕೆಳಗೆ ಬಂದರೆ ಅದು ಕೈಯ ಚಂಚಲತೆ, ಗಾಬರಿ ಬೇಡ. 40.2, 40.3, 40.4 ಎಂದು ಒಂದೇ ಸಮ ಏರುತ್ತಿದ್ದರೆ ದಾರ ಜಾರುತ್ತಿದೆ. 1 ಸೆಂ.ಮೀ ಜಾರಿದರೆ 20 ಆಂದೋಲನದ ಸಮಯ 0.2 ಸೆಕೆಂಡು ಏರುತ್ತದೆ. ರೀಡಿಂಗ್ ತೆಗೆಯುವ ಮೊದಲೂ ಆಮೇಲೂ ಉದ್ದ ಅಳೆದರೆ ಖಚಿತವಾಗುತ್ತದೆ. ಟ್ರಯಲ್‌ಗಳನ್ನು ತೆಗೆದ ಕ್ರಮದಲ್ಲೇ ಬರೆದಿಡಬೇಕು ಅನ್ನುವುದೂ ಇದಕ್ಕೇ.

ಜಿ ಸ್ವಲ್ಪ ಜಾಸ್ತಿ ಬಂದಿದ್ದರೆ ತ್ರಿಜ್ಯದ ಬದಲು ಇಡೀ ವ್ಯಾಸ ಸೇರಿಸಿದ್ದೀರಾ ನೋಡಿ. ಕೊಕ್ಕೆ ಇರುವ ಗುಂಡಾದರೆ ಕೊಕ್ಕೆಯ ಉದ್ದವನ್ನು ಎರಡು ಸಲ ಹಿಡಿದಿಲ್ಲ ತಾನೇ? ಹಳೆಯ ಮುಳ್ಳಿನ ಸ್ಟಾಪ್‌ಕ್ಲಾಕ್ ಆದರೆ ಐದು ನಿಮಿಷ ಮೊಬೈಲಿನ ಜತೆ ಓಡಿಸಿ ಹೋಲಿಸಿ. ಗಡಿಯಾರ 1 ಶೇಕಡಾ ನಿಧಾನ ಇದ್ದರೆ ಜಿ 2 ಶೇಕಡಾ ಜಾಸ್ತಿ ಬರುತ್ತದೆ. ಗುಂಡು ನೇರ ಗೆರೆಯಲ್ಲಿ ಆಡದೆ ವೃತ್ತ ಸುತ್ತುತ್ತಿದ್ದರೂ ರೀಡಿಂಗ್ ಬಿಟ್ಟುಬಿಡಿ. ಕೈಯಿಂದ ತಳ್ಳಬೇಡಿ, ಪಕ್ಕಕ್ಕೆ ಹಿಡಿದು ಮೆಲ್ಲಗೆ ಬಿಡಿ. ಫ್ಯಾನ್ ಆಫ್ ಮಾಡಿ. ಸ್ಟ್ಯಾಂಡ್ ಅಲುಗುತ್ತಿದ್ದರೆ ಬುಡದ ಮೇಲೆ ಭಾರ ಇಡಿ.

ಆರೋಪಿಗಳಲ್ಲದವರು

ರೆಕಾರ್ಡುಗಳಲ್ಲಿ ‘ದೋಷಕ್ಕೆ ಕಾರಣಗಳು’ ಎಂಬ ಕಡೆ ಸಾಮಾನ್ಯವಾಗಿ ಇರುವುದು ಎರಡು ಸಾಲು: ಗಾಳಿಯ ತಡೆ, ಮನುಷ್ಯ ದೋಷ. ಎರಡನ್ನೂ ನಾನು ಒಪ್ಪುವುದಿಲ್ಲ.

ಗಾಳಿ ಲೋಲಕದ ಆಟವನ್ನು ಮೆಲ್ಲಗೆ ಕುಗ್ಗಿಸುತ್ತದೆ ನಿಜ. ಆದರೆ ಆವರ್ತ ಕಾಲವನ್ನು ಅದು ಬದಲಿಸುವುದು ಅತ್ಯಲ್ಪ. ಲೋಹದ ಗುಂಡನ್ನು ಗಾಳಿ ಮೇಲಕ್ಕೆ ಎತ್ತುವ ಬಲದಿಂದ ಜಿಯಲ್ಲಿ ಬರುವ ವ್ಯತ್ಯಾಸ 0.02 ಶೇಕಡಾಕ್ಕೂ ಕಡಿಮೆ. 10.8 ಬಂದದ್ದಕ್ಕೆ ಗಾಳಿಯನ್ನು ದೂರುವುದು ಅನ್ಯಾಯ. ಗುಂಡಿನ ತೂಕ ಸೂತ್ರದಲ್ಲೇ ಇಲ್ಲ. ‘ಮನುಷ್ಯ ದೋಷ’ ಎಂಬುದು ಕಾರಣವೇ ಅಲ್ಲ, ಕಾರಣ ಹುಡುಕಲಿಲ್ಲ ಎಂಬುದರ ಇನ್ನೊಂದು ಹೆಸರು. ಯಾವ ಮನುಷ್ಯ, ಯಾವ ಅಳತೆಯಲ್ಲಿ, ಎಷ್ಟು, ಯಾವ ಕಡೆಗೆ ಎಂದು ಬರೆಯಿರಿ.

ಗುಂಡಿನ ವ್ಯಾಸ ಅಳೆಯುವ ವರ್ನಿಯರ್ ಕ್ಯಾಲಿಪರ್ ಕೂಡ ಇಲ್ಲಿ ಬಹುಪಾಲು ನಿರಪರಾಧಿ. ದವಡೆ ಮುಚ್ಚಿದಾಗ ಸೊನ್ನೆ ಗೆರೆ ಸೊನ್ನೆಯ ಎದುರು ನಿಲ್ಲದಿದ್ದರೆ ಅದು ಝೀರೋ ಎರರ್. ವರ್ನಿಯರ್ ಸೊನ್ನೆ ಬಲಕ್ಕಿದ್ದರೆ ಆ ಮೊತ್ತವನ್ನು ಓದಿದ್ದರಿಂದ ಕಳೆಯಬೇಕು, ಎಡಕ್ಕಿದ್ದರೆ ಕೂಡಿಸಬೇಕು. ಇದನ್ನು ತಿರುವುಮುರುವು ಮಾಡುವವರು ಬಹಳ. ತಂತಿಯ ದಪ್ಪ ಅಳೆಯುವಾಗ ಅಂಥ ತಪ್ಪು ಪ್ರಯೋಗವನ್ನೇ ಕೆಡಿಸುತ್ತದೆ. ಆದರೆ ಲೋಲಕದಲ್ಲಿ? ವ್ಯಾಸದಲ್ಲಿ 0.03 ಸೆಂ.ಮೀ ತಪ್ಪಿದರೆ ತ್ರಿಜ್ಯದಲ್ಲಿ 0.015. ಒಂದು ಮೀಟರಿನಲ್ಲಿ ಅದು 0.015 ಶೇಕಡಾ. ಗುಂಡನ್ನು ಐದು ಕಡೆ ತಿರುಗಿಸಿ ವರ್ನಿಯರ್ ಹಿಡಿದು, ದಾರವನ್ನು ಮಾತ್ರ ಒಂದೇ ಸಲ ಓರೆಗಣ್ಣಿನಲ್ಲಿ ಅಳೆಯುವುದನ್ನು ನೋಡಿದಾಗ ಬೇಸರವಾಗುತ್ತದೆ. ಇರುವ ತಾಳ್ಮೆಯನ್ನು ಸಮಯದ ಅಳತೆಗೆ ಕೊಡಿ. ಸೂತ್ರದಲ್ಲಿ ಟಿ ವರ್ಗವಾಗಿ ಇರುವುದರಿಂದ ಅದರ ಶೇಕಡಾ ದೋಷ ಎರಡು ಪಟ್ಟಾಗಿ ಜಿಯಲ್ಲಿ ಕಾಣುತ್ತದೆ.

ಎಷ್ಟು ತಪ್ಪಿದರೆ ತಪ್ಪಲ್ಲ

ಡಿಜಿಟಲ್ ಸ್ಟಾಪ್‌ವಾಚ್ 0.01 ಸೆಕೆಂಡು ತೋರಿಸುತ್ತದೆ. ಅದು ಅದರ ಲೀಸ್ಟ್ ಕೌಂಟ್, ನಿಮ್ಮ ಬೆರಳಿನದಲ್ಲ. ಕಣ್ಣು ನೋಡಿ ಬೆರಳು ಒತ್ತುವುದರೊಳಗೆ ಸುಮಾರು 0.2 ಸೆಕೆಂಡು ಕಳೆಯುತ್ತದೆ. ಶುರುವಿನಲ್ಲೂ ಕೊನೆಯಲ್ಲೂ ಅಷ್ಟೇ ತಡವಾದರೆ ಎರಡೂ ಹೊಡೆದುಹೋಗುತ್ತವೆ, ಆದರೆ ಪೂರ್ತಿ ಅಲ್ಲ. ಉಳಿಯುವುದನ್ನು 0.2 ಎಂದೇ ಇಟ್ಟುಕೊಳ್ಳಿ. ಒಂದೇ ಆಂದೋಲನ ಅಳೆದರೆ ಎರಡು ಸೆಕೆಂಡಿನಲ್ಲಿ 0.2, ಅಂದರೆ 10 ಶೇಕಡಾ, ಜಿಯಲ್ಲಿ 20 ಶೇಕಡಾ. 20 ಆಂದೋಲನ ಅಳೆದರೆ 40 ಸೆಕೆಂಡಿನಲ್ಲಿ 0.2, ಅರ್ಧ ಶೇಕಡಾ, ಜಿಯಲ್ಲಿ 1 ಶೇಕಡಾ. ಉದ್ದದಲ್ಲಿ 2 ಮಿ.ಮೀ ಅನುಮಾನ ಇದ್ದರೆ ಇನ್ನೊಂದು 0.2 ಶೇಕಡಾ. ಒಟ್ಟು 1.2. ಹಾಗಾಗಿ ಕ್ಯಾಲ್ಕುಲೇಟರ್ 9.7834521 ತೋರಿಸಿದರೂ ನೀವು ಬರೆಯಬೇಕಾದದ್ದು 9.8 ± 0.1 ಮೀ/ಸೆ². ಉಳಿದ ಅಂಕಿಗಳನ್ನು ನೀವು ಅಳೆದೇ ಇಲ್ಲ.

ಈ ಲೆಕ್ಕದಿಂದ ಇನ್ನೊಂದು ಅನುಕೂಲ ಇದೆ. 9.7 ಬಂದವರು 9.8ಕ್ಕೆ ತಳ್ಳಬೇಕಾಗಿಲ್ಲ, ಅವರ ಅಳತೆ ಸರಿಯಾಗಿಯೇ ಇದೆ. 9.4 ಬಂದವರು ಮಾತ್ರ ಮೇಲಿನ ದೋಷಗಳಲ್ಲಿ ಒಂದನ್ನು ಹುಡುಕಬೇಕು. ಜಿ ಎಲ್ಲ ಕಡೆ ಒಂದೇ ಅಲ್ಲ ಎಂಬುದೂ ನೆನಪಿರಲಿ. ಸಮಭಾಜಕದ ಹತ್ತಿರ 9.78, ಧ್ರುವಗಳಲ್ಲಿ 9.83. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ರಿಶೇ ದಕ್ಷಿಣ ಅಮೆರಿಕದ ಕಯೆನ್ ಎಂಬಲ್ಲಿಗೆ ಹೋದಾಗ, ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರ ದಿನಕ್ಕೆ ಎರಡು ನಿಮಿಷಕ್ಕೂ ಜಾಸ್ತಿ ಹಿಂದೆ ಬೀಳುತ್ತಿತ್ತು. ಸರಿಪಡಿಸಲು ಲೋಲಕವನ್ನು ಸುಮಾರು 2.8 ಮಿ.ಮೀ ಗಿಡ್ಡ ಮಾಡಬೇಕಾಯಿತು. ಅಳತೆಯಲ್ಲೇ ತಪ್ಪಿರಬೇಕು ಎಂದು ಶಂಕಿಸಿದವರೂ ಇದ್ದರು. ಭೂಮಿ ಸಮಭಾಜಕದ ಹತ್ತಿರ ಉಬ್ಬಿದೆ ಎಂದು ವಾದಿಸುವಾಗ ನ್ಯೂಟನ್ 1687ರಲ್ಲಿ ಇದೇ ಅಳತೆಯನ್ನು ಬಳಸಿದರು. ರಿಶೇ ಆ 2.8 ಮಿ.ಮೀ ವ್ಯತ್ಯಾಸವನ್ನು ತಿದ್ದಿ ಮುಚ್ಚಿಬಿಟ್ಟಿದ್ದರೆ ನ್ಯೂಟನ್‌ಗೆ ಈ ಆಧಾರ ಸಿಗುತ್ತಿರಲಿಲ್ಲ.

ಎಲ್ಲ ನೋಡಿಯೂ ದೋಷ ಸಿಗದಿದ್ದರೆ

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ದಾರ, ಗುಂಡು, ವಾಚು ಮೂರನ್ನೂ ಒಟ್ಟಿಗೆ ಬದಲಿಸಿದರೆ ಉತ್ತರ ಸರಿಯಾದರೂ ಯಾವುದು ಕೆಟ್ಟಿತ್ತು ಎಂದು ತಿಳಿಯುವುದಿಲ್ಲ. ಮೊದಲು ಪಕ್ಕದ ಮೇಜಿನವರ ಸ್ಟಾಪ್‌ವಾಚ್ ತೆಗೆದುಕೊಳ್ಳಿ. ಆಮೇಲೆ ಅವರನ್ನೇ ಕರೆದು ನಿಮ್ಮ ಲೋಲಕದ ಮೇಲೆ ಎಣಿಸಲು ಹೇಳಿ, ನೀವು ಅವರದರ ಮೇಲೆ ಎಣಿಸಿ. ದೋಷ ನಿಮ್ಮ ಜತೆ ಹೋದರೆ ಎಣಿಕೆಯಲ್ಲಿದೆ, ಮೇಜಿನಲ್ಲೇ ಉಳಿದರೆ ಸಾಮಾನಿನಲ್ಲಿದೆ. ಸಾಮಾನಿನಲ್ಲಿ ಇದ್ದರೆ ಸ್ಕೇಲನ್ನು ಇನ್ನೊಂದು ಸ್ಕೇಲಿನ ಪಕ್ಕ ಇಟ್ಟು ಹೋಲಿಸಿ, ಕಾರ್ಕ್ ಬದಲಿಸಿ, ಕೊನೆಗೆ ದಾರ ಬದಲಿಸಿ. ಪ್ರತಿ ಬದಲಾವಣೆಯ ಪಕ್ಕದಲ್ಲೂ 20 ಆಂದೋಲನದ ಸಮಯ ಬರೆದಿಡಿ, ಮುಂದಿನ ಬ್ಯಾಚಿನವರಿಗೆ ಅದೇ ಸ್ಟ್ಯಾಂಡ್ ಸಿಗುತ್ತದೆ.